ಬೆಕ್ಕಿಗೆ ದಿನಕ್ಕೆ ಎಷ್ಟು ಗ್ರಾಂ ಹಾಕಬೇಕು? ಪ್ಯಾಕ್ ಮೇಲೆ ಬರೆದಷ್ಟೇ ಹಾಕಿದರೂ ದಪ್ಪ ಆಗ್ತಾ ಇದೆ

ಡೊಂಬಿವಿಲಿ_ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಇರುವುದು ಡೊಂಬಿವಿಲಿ ಈಸ್ಟ್‌ನಲ್ಲಿ, ಒನ್ ಬಿಎಚ್‌ಕೆ. ನಾನು, ಗಂಡ, ಅತ್ತೆ, ಮತ್ತೆ ಚಕ್ಕುಲಿ. ಚಕ್ಕುಲಿ ಅಂದರೆ ನಮ್ಮ ಬೆಕ್ಕು. ನಾಲ್ಕು ವರ್ಷದ ಹಿಂದೆ ಮಳೆಯಲ್ಲಿ ಸ್ಕೂಟರ್ ಕೆಳಗೆ ಸಿಕ್ಕಿದ್ದು, ಸುತ್ತಿಕೊಂಡು ಮಲಗಿದ್ದನ್ನು ನೋಡಿ ಅತ್ತೆ ಆ ಹೆಸರಿಟ್ಟರು. ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಮನೆ ಒಳಗೇ ಇರುತ್ತದೆ, ಜಾಸ್ತಿ ಅಂದರೆ ಪ್ಯಾಸೇಜ್‌ವರೆಗೆ.

ಹೋದ ವರ್ಷ ಲಸಿಕೆ ಹಾಕಿಸುವಾಗ 4.3 ಕೆಜಿ ಇತ್ತು. ಹೋದ ವಾರ 5.6. ಡಾಕ್ಟರ್ ಹೊಟ್ಟೆ ಮುಟ್ಟಿ ನೋಡಿ, "ಒಂದು ಕೆಜಿ ಇಳಿಸಿ, ನಾಲ್ಕೂವರೆಗೆ ಬರಲಿ" ಅಂದರು. ಹೇಗೆ ಇಳಿಸುವುದು ಅಂತ ಕೇಳುವುದರೊಳಗೆ ಮುಂದಿನ ನಾಯಿ ಒಳಗೆ ಬಂದಿತ್ತು.

ನಾನು ಹಾಕುವುದು ಪ್ಯಾಕ್ ಹಿಂದೆ ಬರೆದ ಹಾಗೇ. 5 ಕೆಜಿ ಬೆಕ್ಕಿಗೆ 60 ಗ್ರಾಂ ಅಂತ ಇದೆ. ಒಂದು ಸಣ್ಣ ಪ್ಲಾಸ್ಟಿಕ್ ಕಪ್ ಇದೆ, 20 ಗ್ರಾಂ ಹಿಡಿಯುತ್ತದೆ, ದಿನಕ್ಕೆ ಮೂರು ಸಲ. ಬರೀ ಡ್ರೈ ಫುಡ್. ಆದರೂ ಯಾಕೆ ಹೀಗೆ? ಅದೂ ಅಲ್ಲದೆ ಬೆಳಗಿನ ಜಾವ ನಾಲ್ಕಕ್ಕೆ ನನ್ನ ಮುಖದ ಮೇಲೆ ಕೂತು ಕೂಗುತ್ತದೆ. ನನಗೆ 6.42ರ ಲೋಕಲ್ ಹಿಡಿಯಬೇಕು, ಎದ್ದು ಸ್ವಲ್ಪ ಹಾಕಿ ಮಲಗುತ್ತೇನೆ. ಹಸಿವಾಗುವಷ್ಟು ಕಡಿಮೆ ಹಾಕ್ತಾ ಇದ್ದೀನಾ, ದಪ್ಪ ಆಗುವಷ್ಟು ಜಾಸ್ತಿ ಹಾಕ್ತಾ ಇದ್ದೀನಾ, ಅದೇ ತಿಳಿಯುತ್ತಿಲ್ಲ.

ಬಂಗುಡೆ_ಪ್ರಿಯ (ಮುಲುಂಡ್)

ಅಕ್ಕ, ಒಂದೇ ಪ್ರಶ್ನೆ. ನೀವು ಆಫೀಸಿಗೆ ಹೋದ ಮೇಲೆ ಅದಕ್ಕೆ ಯಾರು ಯಾರು ಹಾಕುತ್ತಾರೆ?

ನಮ್ಮ ಬಿಲ್ಡಿಂಗ್‌ನಲ್ಲಿ ಒಂದು ಬೆಕ್ಕಿಗೆ ಮೂರು ಮಹಡಿಯಲ್ಲಿ ಮೂರು ಹೆಸರು ಇತ್ತು. ಮೂರು ಮನೆಯವರೂ "ಪಾಪ, ಏನೂ ತಿನ್ನೋದೇ ಇಲ್ಲ" ಅನ್ನುತ್ತಿದ್ದರು.

ಕೋಥ್ರೂಡ್_ಮನೆ (ಪುಣೆ)

ಮೇಲಿನವರು ಕೇಳಿದ್ದು ತಮಾಷೆ ಅಲ್ಲ, ಅದಕ್ಕೆ ಮೊದಲು ಉತ್ತರ ಹುಡುಕಿ. ನನ್ನ ಮನೆಯಲ್ಲಿ ಎರಡು ಬೆಕ್ಕು, ಒಂದನ್ನು 6.3ರಿಂದ 5ಕ್ಕೆ ಇಳಿಸಿದ್ದೇನೆ, ಎಂಟು ತಿಂಗಳು ಹಿಡಿಯಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಕಪ್ ಬಿಸಾಕಿ. ನಿಜವಾಗಿ ಹೇಳುತ್ತಿದ್ದೇನೆ. ಅದೇ ಕಪ್ಪಿನಲ್ಲಿ ನೀವು ತಲೆ ಸಮ ಮಾಡಿ ತುಂಬುತ್ತೀರಿ, ಇನ್ನೊಬ್ಬರು ಗೋಪುರ ಕಟ್ಟುತ್ತಾರೆ. ಒಂದು ಬ್ರ್ಯಾಂಡಿನ ಕಾಳು ಚಪ್ಪಟೆ, ಇನ್ನೊಂದರದ್ದು ದುಂಡಗೆ, ಕಪ್ ಅದೇ ಆದರೂ ತೂಕ ಬೇರೆ. ಅಡುಗೆಮನೆ ತಕ್ಕಡಿ ತಗೊಳ್ಳಿ, ಗ್ರಾಂ ತೋರಿಸುವಂಥದ್ದು, ದುಬಾರಿಯೇನಲ್ಲ. ಬೆಕ್ಕಿಗೆ ಹತ್ತು ಗ್ರಾಂ ಅಂದರೆ ದೊಡ್ಡ ಸಂಖ್ಯೆ. ದಿನಾ ಹತ್ತು ಗ್ರಾಂ ಜಾಸ್ತಿ ಹೋಗುತ್ತಿದ್ದರೆ ವರ್ಷದಲ್ಲಿ ಹೊಟ್ಟೆ ನೆಲಕ್ಕೆ ತಾಗುತ್ತದೆ.

ಇನ್ನು ಗ್ರಾಂ ಲೆಕ್ಕಕ್ಕಿಂತ ಕ್ಯಾಲೊರಿ ಲೆಕ್ಕ ಸರಿ. ಡಾಕ್ಟರುಗಳು ಬಳಸುವ ಒಂದು ಸೂತ್ರ ಇದೆ. ತೂಕಕ್ಕೆ 0.75 ಘಾತ ಹಾಕಿ 70ರಿಂದ ಗುಣಿಸುವುದು. ಹೆದರಬೇಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. 4.5 × 4.5 × 4.5 ಒತ್ತಿ, 91.1 ಬರುತ್ತದೆ. ಈಗ ವರ್ಗಮೂಲದ ಬಟನ್ ಎರಡು ಸಲ ಒತ್ತಿ, 3.09. ಅದನ್ನು 70ರಿಂದ ಗುಣಿಸಿ, 216. ಇದು 4.5 ಕೆಜಿಯ ಬೆಕ್ಕು ಸುಮ್ನೆ ಬಿದ್ದುಕೊಂಡಿದ್ದರೂ ಬೇಕಾಗುವ ಕ್ಯಾಲೊರಿ. ಗಮನಿಸಿ, ಈಗಿನ 5.6 ಹಾಕಲಿಲ್ಲ, ಆಗಬೇಕಾದ 4.5 ಹಾಕಿದೆ. ಇಲ್ಲೇ ಎಲ್ಲರೂ ತಪ್ಪುವುದು. ಪ್ಯಾಕ್ ಹಿಂದಿನ ಪಟ್ಟಿಯಲ್ಲೂ ಈಗಿನ ತೂಕದ ಸಾಲು ನೋಡಿ ಹಾಕಿದರೆ ಕೊಬ್ಬಿಗೂ ಊಟ ಹಾಕಿದ ಹಾಗೆ.

ಆಪರೇಷನ್ ಆದ, ತೂಕ ಸರಿಯಿರುವ ದೊಡ್ಡ ಬೆಕ್ಕಿಗೆ ಆ 216ನ್ನು 1.2ರಿಂದ ಗುಣಿಸುತ್ತಾರೆ, 259 ಆಗುತ್ತದೆ. ಆಪರೇಷನ್ ಆಗದ ಬೆಕ್ಕಿಗೆ 1.4. ಇಳಿಸಬೇಕಾದ ಬೆಕ್ಕಿಗೆ 1ರಿಂದ 0.8ರ ಮಧ್ಯೆ, ಅಂದರೆ 216ರಿಂದ 173. ನೀವು 216ರಿಂದ ಶುರು ಮಾಡಿ. 173ಕ್ಕೆ ಡಾಕ್ಟರನ್ನು ಕೇಳದೆ ಇಳಿಯಬೇಡಿ. ಈ ಸೂತ್ರ ಕೊಡುವುದು ಶುರು ಮಾಡಲು ಒಂದು ಅಂದಾಜು ಅಷ್ಟೇ. ಒಂದೇ ತೂಕದ ಎರಡು ಬೆಕ್ಕಿಗೂ ಬೇಕಾಗುವುದು ಬೇರೆ ಬೇರೆ, ನನ್ನ ಮನೆಯಲ್ಲೇ ನೋಡುತ್ತಿದ್ದೇನೆ. ಕೊನೆಗೆ ನಿಜ ಹೇಳುವುದು ತೂಕದ ತಕ್ಕಡಿ.

ಆಪರೇಷನ್ ಆದ ಮೇಲೆ ದೇಹಕ್ಕೆ ಬೇಕಾಗುವುದು ಕಡಿಮೆ ಆಗುತ್ತದೆ, ಹಸಿವು ಮಾತ್ರ ಜಾಸ್ತಿ ಆಗುತ್ತದೆ. ಬೆಕ್ಕಿನ ತಪ್ಪಲ್ಲ ಅದು.

ಪ್ಯಾಕ್ ಮೇಲೆ 100 ಗ್ರಾಂಗೆ ಎಷ್ಟು ಕ್ಯಾಲೊರಿ ಅಂತ ಇದೆಯಾ ನೋಡಿ ಹೇಳಿ.

ಮಾಟುಂಗಾ_ಹಿರಿಯ

ನಾನು ಮುಂಬೈಗೆ ಬಂದಿದ್ದು 1974ರಲ್ಲಿ. ಹೋಟೆಲ್ ಕೆಲಸ, ಹಿತ್ತಿಲಲ್ಲೇ ವಾಸ. ನಮ್ಮ ಭಟ್ಟಿ ಹತ್ತಿರ ನಾಲ್ಕು ಬೆಕ್ಕು ಇರುತ್ತಿದ್ದವು. ಉಳಿದ ಮೊಸರನ್ನ, ಹಾಲಿನ ಕೆನೆ, ಏನು ಹಾಕಿದರೂ ತಿನ್ನುತ್ತಿದ್ದವು. ಯಾರೂ ತಕ್ಕಡಿ ಹಿಡಿಯಲಿಲ್ಲ, ವರ್ಗಮೂಲ ತೆಗೆಯಲಿಲ್ಲ. ಒಂದೂ ದಪ್ಪ ಇರಲಿಲ್ಲ. ಈಗ ಮನುಷ್ಯರಿಗೆ ಮೊದಲು ಡಯಟ್, ಆಮೇಲೆ ಬೆಕ್ಕಿಗೂ ಡಯಟ್. ಬೆಕ್ಕಿಗೆ ತನ್ನ ಹೊಟ್ಟೆ ತನಗೆ ಗೊತ್ತಿರುತ್ತದಮ್ಮಾ.

ಕೋಥ್ರೂಡ್_ಮನೆ

ಹಿರಿಯರೇ, ನಿಮ್ಮ ಹೋಟೆಲ್ ಬೆಕ್ಕುಗಳು ದಪ್ಪ ಆಗದೆ ಇದ್ದದ್ದು ಮೊಸರನ್ನದಿಂದ ಅಲ್ಲ. ಮೊಸರನ್ನ ತಿಂದು ಆಮೇಲೆ ಇಲಿ ಹಿಡಿಯಲು ಹೋಗುತ್ತಿದ್ದವು. ಒಂದು ಸಣ್ಣ ಇಲಿ ಅಂದರೆ ಸುಮಾರು 30 ಕ್ಯಾಲೊರಿ. ಹೊಟ್ಟೆ ತುಂಬಲು ದಿನಕ್ಕೆ ಎಂಟು ಹಿಡಿಯಬೇಕು, ಒಂದು ಸಿಗಬೇಕಾದರೆ ಹಲವು ಸಲ ಹಾರಿ ತಪ್ಪಬೇಕು. ಮೇಲಿಂದ ಆಪರೇಷನ್ ಇಲ್ಲ, ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಿ ಹಾಲೂಡಿಸಬೇಕು, ಗಂಡಾದರೆ ರಾತ್ರಿಯೆಲ್ಲ ಜಗಳ. ಅವು ಎಷ್ಟು ವರ್ಷ ಬದುಕುತ್ತಿದ್ದವು ಅಂತ ನೆನಪಿದೆಯಾ? ಚಕ್ಕುಲಿಗೆ ಇರುವ ಕೆಲಸ ಸೋಫಾದಿಂದ ಕಿಟಕಿ, ಕಿಟಕಿಯಿಂದ ಸೋಫಾ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸರಿ ಇದೆ. ಬೆಕ್ಕಿನ ಹೊಟ್ಟೆ ಸಣ್ಣದು, ಸ್ವಲ್ಪ ಸ್ವಲ್ಪ ಹಲವು ಸಲ ತಿನ್ನುವ ಜಾತಿ. ದಿನಕ್ಕೆ ನಾಲ್ಕೈದು ಸಲ ಹಂಚಿ ಹಾಕಿದರೆ ಒಳ್ಳೆಯದು, ಒಟ್ಟು ಲೆಕ್ಕ ದಾಟಬಾರದು ಅಷ್ಟೇ.

ಮಾಟುಂಗಾ_ಹಿರಿಯ

ಆರೇಳು ವರ್ಷ ಇದ್ದದ್ದು ಒಂದೇ. ಉಳಿದವು ಗಾಡಿ ಕೆಳಗೆ ಹೋದವು. ಅದು ಒಪ್ಪಿದೆ.

ಡೊಂಬಿವಿಲಿ_ಸೊಸೆ

ನಿನ್ನೆ ತಕ್ಕಡಿ ಬಂತು. ತಲೆ ತಿರುಗಿತು.

ಮೂವರೂ ಅದೇ ಕಪ್ಪಿನಲ್ಲಿ ಹಾಕಿ ತೋರಿಸಿ ಅಂದೆ. ಬೆಳಿಗ್ಗೆ ಹಾಕುವುದು ಗಂಡ, ಅವರದ್ದು 29 ಗ್ರಾಂ. ಮಧ್ಯಾಹ್ನ ಅತ್ತೆ, 25. ರಾತ್ರಿ ನಾನು, 22. ನನ್ನದು ಕಡಿಮೆ ಅಂತ ಹೆಮ್ಮೆ ಪಡುವಷ್ಟರಲ್ಲಿ ನಾಲ್ಕು ಗಂಟೆಯ "ಸ್ವಲ್ಪ" ನೆನಪಾಯಿತು, ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅದು ಬಿಟ್ಟೇ 76 ಗ್ರಾಂ.

ಆಮೇಲೆ ಬಂಗುಡೆ ಅಣ್ಣ ಕೇಳಿದ ಪ್ರಶ್ನೆ ಮನೆಯಲ್ಲಿ ಕೇಳಿದೆ. ಅತ್ತೆ ಸ್ವಲ್ಪ ಹೊತ್ತು ಟಿವಿ ನೋಡಿದರು. ಆಮೇಲೆ, "ಎರಡ ಚಮಚ ಹಾಲು ಹಾಕ್ತೀನಿ, ಅದಕ್ಕೇನಾತು, ಅದರ ಮಾರಿ ನೋಡು, ಹೆಂಗ ಬಾಡೇತಿ" ಅಂದರು. ತಬೇಲಾದ ಎಮ್ಮೆ ಹಾಲು, ಕೆನೆ ಸಮೇತ. ದಿನಾ. ಎದುರು ಮನೆ ಕಾಕು (ಅಂದರೆ ಆಂಟಿ) ಮೀನು ತೊಳೆಯುವಾಗ ಇದು ಅವರ ಬಾಗಿಲಲ್ಲಿ ಕೂತಿರುತ್ತದಂತೆ, ಒಂದು ತುಂಡು ಬೇಯಿಸಿ ಕೊಡುತ್ತಾರಂತೆ. ನಮ್ಮದು ಸಸ್ಯಾಹಾರಿ ಮನೆ, ಅದಕ್ಕೇ ಅತ್ತೆ ನನಗೆ ಹೇಳಿರಲಿಲ್ಲ!

ಪ್ಯಾಕ್ ಮೇಲೆ ಕ್ಯಾಲೊರಿ ಇಲ್ಲ. ಪ್ರೋಟೀನ್ 32, ಫ್ಯಾಟ್ 12, ಫೈಬರ್ 4, ತೇವಾಂಶ 10, ಎಲ್ಲಾ ಶೇಕಡಾ. ಇಷ್ಟೇ ಇರುವುದು.

ಬಂಗುಡೆ_ಪ್ರಿಯ

"ಸ್ವಲ್ಪ ಹೊತ್ತು ಟಿವಿ ನೋಡಿದರು." ಅಲ್ಲಿಗೇ ಕೇಸ್ ಮುಗಿಯಿತು.

ಕೋಥ್ರೂಡ್_ಮನೆ

ಅಷ್ಟು ಸಾಕು, ಕ್ಯಾಲೊರಿ ತೆಗೆಯಬಹುದು. ನೂರರಲ್ಲಿ ನೀವು ಬರೆದ ನಾಲ್ಕನ್ನೂ ಕಳೆಯಿರಿ, ಬೂದಿ, ಅಂದರೆ ಖನಿಜಾಂಶ, ಅಂತ ಇನ್ನೊಂದು ಇರುತ್ತದೆ, ಬರೆದಿಲ್ಲದಿದ್ದರೆ 8 ಅಂತ ಹಿಡಿಯಿರಿ. ಉಳಿಯುವುದು 34, ಅದು ಪಿಷ್ಟ. ಪ್ರೋಟೀನ್ ಮತ್ತು ಪಿಷ್ಟ ಗ್ರಾಂಗೆ 3.5, ಫ್ಯಾಟ್ ಗ್ರಾಂಗೆ 8.5. ಅಂದರೆ 112, 119, 102, ಕೂಡಿದರೆ 333. ನಿಮ್ಮ ಡ್ರೈ ಫುಡ್ 100 ಗ್ರಾಂಗೆ ಸುಮಾರು 333 ಕ್ಯಾಲೊರಿ. ಒಳ್ಳೆ ಕಂಪನಿಗಳ ಡ್ರೈ ಫುಡ್ 350ರಿಂದ 400ರ ತನಕ ಇರುತ್ತದೆ, ಬ್ರ್ಯಾಂಡ್ ಬದಲಿಸಿದಾಗ ಗ್ರಾಂ ಕೂಡ ಬದಲಿಸಬೇಕು ಅಂತ ಇದಕ್ಕೇ ಹೇಳುವುದು.

76 ಗ್ರಾಂ ಅಂದರೆ 253. ಎಮ್ಮೆ ಹಾಲು ಎರಡು ದೊಡ್ಡ ಚಮಚ, 30. ಕಾಕು ಮೀನು ಇನ್ನೊಂದು 35 ಅಂತ ಇಟ್ಟುಕೊಳ್ಳಿ. 318 ಆಯಿತು, ನಾಲ್ಕು ಗಂಟೆಯ ಊಟ ಬಿಟ್ಟು. ಬೇಕಾಗಿರುವುದು 216.

ಎರಡು ಚಮಚ ಹಾಲು ಏನು ಮಹಾ ಅನಿಸುತ್ತದೆ ಅಲ್ವಾ? ನಾವು 2000 ಕ್ಯಾಲೊರಿ ತಿನ್ನುವವರು. ನಮ್ಮ ಅಳತೆಗೆ ತಂದರೆ ಅದು ದಿನಾ ಊಟದ ಮೇಲೆ ಒಂದು ವಡಾ ಪಾವ್. ದೊಡ್ಡ ಬೆಕ್ಕುಗಳಲ್ಲಿ ತುಂಬಾ ಬೆಕ್ಕಿಗೆ ಹಾಲಿನ ಸಕ್ಕರೆ ಜೀರ್ಣವೇ ಆಗುವುದಿಲ್ಲ, ಭೇದಿ ಆಗುತ್ತದೆ. ಅತ್ತೆಗೆ ಕ್ಯಾಲೊರಿ ಹೇಳಬೇಡಿ, ಹೊಟ್ಟೆ ಕೆಡುತ್ತದೆ ಅಂತ ಹೇಳಿ, ಕೇಳುತ್ತಾರೆ.

ಈಗ 216ನ್ನು ಹಂಚುವುದು. ವೆಟ್ ಫುಡ್ ಒಂದು ಪೌಚ್ ಸೇರಿಸಿ, 70 ಗ್ರಾಂನದ್ದು ಸುಮಾರು 60 ಕ್ಯಾಲೊರಿ ಇರುತ್ತದೆ, ನಿಮ್ಮ ಪೌಚ್ ಮೇಲೆ ನೋಡಿಕೊಳ್ಳಿ. ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ನೀರು, ಹೊಟ್ಟೆ ತುಂಬಿದ ಹಾಗೆ ಆಗುತ್ತದೆ, ಕ್ಯಾಲೊರಿ ಕಡಿಮೆ, ಮೂತ್ರದ ತೊಂದರೆಗೂ ಒಳ್ಳೆಯದು. ಬೆಕ್ಕು ನೀರು ಕುಡಿಯುವುದರಲ್ಲಿ ಸೋಮಾರಿ. ಕಾಕು ಮೀನಿಗೆ 20 ಬಿಡಿ, ಹೆಬ್ಬೆರಳ ತುದಿಯಷ್ಟು, ತಿಂಡಿ ಯಾವತ್ತೂ ಹತ್ತರಲ್ಲಿ ಒಂದು ಪಾಲು ದಾಟಬಾರದು. ಉಳಿದ 136ಕ್ಕೆ ಡ್ರೈ ಫುಡ್ 41 ಗ್ರಾಂ. ಆದರೆ ನಾಳೆಯೇ 76ರಿಂದ 41ಕ್ಕೆ ಬೀಳಬೇಡಿ. ಎರಡು ವಾರ ತಗೊಂಡು ಇಳಿಸಿ.

ಮತ್ತೆ ಒಂದು ಡಬ್ಬಿ ಇಡಿ. ಬೆಳಿಗ್ಗೆ ದಿನದ ಪಾಲು ಪೂರ್ತಿ ತೂಗಿ ಅದರಲ್ಲಿ ಹಾಕಿ. ಯಾರು ಎಷ್ಟು ಸಲ ಹಾಕಿದರೂ ಆ ಡಬ್ಬಿಯಿಂದಲೇ. ಡಬ್ಬಿ ಖಾಲಿ ಅಂದರೆ ಅಂಗಡಿ ಬಂದ್. ನಮ್ಮ ಮನೆಯಲ್ಲಿ ಜಗಳ ನಿಂತದ್ದು ಇದರಿಂದ.

ವಾಸ್ಕೋ_ಹುಡುಗ (ಗೋವಾ)

ಮೀನಿನ ಮಾತು ಬಂತಲ್ಲ, ಅದಕ್ಕೆ ನಂದೂ ಒಂದು.

ನಾವು ಬಾಗಲಕೋಟೆ ಕಡೆಯವರು, ಅಪ್ಪ ವಾಸ್ಕೋಗೆ ಬಂದು ಮೂವತ್ತು ವರ್ಷ ಆಯಿತು. ಇಲ್ಲಿ ಮೀನು ಬಿಟ್ಟರೆ ಬೆಕ್ಕಿಗೆ ಏನು ಹಾಕುತ್ತಾರೆ ಹೇಳಿ. ನಾನೂ ಒಂದು ವರ್ಷ ಬೇಯಿಸಿದ ಮೀನು, ಕೋಳಿ ಎದೆ, ಅನ್ನ, ಇಷ್ಟೇ ಹಾಕಿದೆ. ಪ್ಯಾಕೆಟ್ಟಿನದ್ದು ಕೆಮಿಕಲ್, ಮನೆಯದ್ದು ಶುದ್ಧ ಅಂತ. ಕೂದಲು ಒರಟಾಯಿತು, ಮೈ ಇಳಿಯಿತು. ಆಗ ಡಾಕ್ಟರ್ ಕೂರಿಸಿಕೊಂಡು ಟಾರಿನ್ ಅಂತ ಒಂದರ ಬಗ್ಗೆ ಹೇಳಿದರು. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಊಟದಿಂದಲೇ ಸಿಗಬೇಕು. ಕಡಿಮೆ ಆದರೆ ಕಣ್ಣು ಹೋಗುತ್ತದೆ, ಹೃದಯ ಊದಿಕೊಳ್ಳುತ್ತದೆ. ಅಮೆರಿಕದಲ್ಲಿ 1987ರಲ್ಲಿ ಇದು ಗೊತ್ತಾದ ಮೇಲೆ ಪ್ಯಾಕೆಟ್ ಆಹಾರದಲ್ಲಿ ಟಾರಿನ್ ಜಾಸ್ತಿ ಮಾಡಿದರು, ಆ ಹೃದಯದ ಕಾಯಿಲೆ ತುಂಬಾ ಕಡಿಮೆ ಆಯಿತು. ಮಾಂಸದಲ್ಲಿ ಟಾರಿನ್ ಇದೆ, ಆದರೆ ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಅದರ ಜೊತೆ ಹೋಗುತ್ತದೆ. ನಾನು ಒಂದು ವರ್ಷ ಸಿಂಕಿಗೆ ಟಾರಿನ್ ಹಾಕಿದ್ದೇನೆ.

ಬರೀ ಮಾಂಸದಲ್ಲಿ ಸುಣ್ಣದ ಅಂಶವೂ ಇಲ್ಲ. ಹಾಗಾಗಿ ಮನೆ ಊಟವೇ ಹಾಕುತ್ತೇನೆ ಅನ್ನುವವರು ಡಾಕ್ಟರಿಂದ ಸರಿಯಾದ ಪಟ್ಟಿ ಬರೆಸಿಕೊಳ್ಳಿ. ಇಲ್ಲ ಅಂದರೆ ಪ್ಯಾಕೆಟ್ ಮುಖ್ಯ ಊಟ, ಮೀನು ಬಾಯಿ ರುಚಿಗೆ. ಮುಳ್ಳು ತೆಗೆದು, ಬೇಯಿಸಿ, ಉಪ್ಪು ಮಸಾಲೆ ಇಲ್ಲದೆ. ಈರುಳ್ಳಿ ಬೆಳ್ಳುಳ್ಳಿ ಹಾಕಿದ ಸಾರಿನ ಮೀನು ಮಾತ್ರ ಬೇಡವೇ ಬೇಡ, ಅದು ಬೆಕ್ಕಿನ ರಕ್ತ ಕೆಡಿಸುತ್ತದೆ. ಕಾಕುಗೆ ಇದೊಂದು ಹೇಳಿಬಿಡಿ ಅಕ್ಕ.

ಠಾಣೆ_ಅಣ್ಣ

ಈಗ ಎಲ್ಲರೂ ತಕ್ಕಡಿ ತಗೊಂಡು ಕಡಿಮೆ ಮಾಡಲು ಹೊರಡುತ್ತೀರಿ, ಅದಕ್ಕೆ ಮುಂಚೆ ನನ್ನ ಕಥೆ ಓದಿ.

ನಮ್ಮ ಭೋಲು ಏಳು ಕೆಜಿ ಇದ್ದ. ನನಗೆ ಯಾರೋ ಹೇಳಿದರು ಅಂತ ಒಂದೇ ದಿನದಲ್ಲಿ ಹಳೇ ಫುಡ್ ನಿಲ್ಲಿಸಿ ಲೈಟ್ ಫುಡ್ ಹಾಕಿದೆ, ಅದೂ ಅರ್ಧ. ಮೂಸಿ ನೋಡಿ ಹೋದ. ಹಸಿವಾದರೆ ತಾನೇ ತಿನ್ನುತ್ತಾನೆ ಬಿಡು ಅಂತ ಸುಮ್ಮನಿದ್ದೆ, ನಮ್ಮ ಮಕ್ಕಳಿಗೆ ಹೇಳುವ ಹಾಗೆ. ಮೂರು ದಿನ ತಿನ್ನಲಿಲ್ಲ. ನಾಲ್ಕನೇ ದಿನ ಕಿವಿ ಒಳಗೆ ನೋಡಿದರೆ ಹಳದಿ. ಒಸಡು ಹಳದಿ.

ದಪ್ಪ ಬೆಕ್ಕು ಊಟ ಬಿಟ್ಟರೆ ಮೈ ಕೊಬ್ಬು ಕರಗಿ ಒಟ್ಟಿಗೆ ಲಿವರ್‌ಗೆ ನುಗ್ಗುತ್ತದಂತೆ, ಲಿವರ್ ಅದನ್ನು ತಡೆಯುವುದಿಲ್ಲ. ಕುತ್ತಿಗೆಗೆ ಟ್ಯೂಬ್ ಹಾಕಿ ಮೂರು ವಾರ ಸಿರಿಂಜ್‌ನಲ್ಲಿ ಊಟ ಕೊಟ್ಟೆವು, ರಾತ್ರಿ ಎರಡಕ್ಕೆ ಅಲಾರಂ ಇಟ್ಟು. ಉಳಿದ. ಖರ್ಚು ಕೇಳಬೇಡಿ.

ಅದಕ್ಕೇ ಹೇಳೋದು, ಹೊಸ ಫುಡ್ ಹಾಕುವುದಾದರೆ ಹಳೆಯದರಲ್ಲಿ ಬೆರೆಸಿ ವಾರ ಹತ್ತು ದಿನ ತಗೊಳ್ಳಿ. ಒಂದು ದಿನ ಪೂರ್ತಿ ಏನೂ ತಿನ್ನಲಿಲ್ಲ ಅಂದರೆ ಡಾಕ್ಟರ್‌ಗೆ ಫೋನ್ ಮಾಡಿ. ಎರಡನೇ ದಿನಕ್ಕೆ ಕಾಯಬೇಡಿ. ಬೆಕ್ಕನ್ನು ಉಪವಾಸ ಕೆಡವಿ ದಾರಿಗೆ ತರಲು ಆಗಲ್ಲ.

ಕೋಥ್ರೂಡ್_ಮನೆ

ಇದನ್ನು ನಾನೇ ಮೊದಲು ಬರೆಯಬೇಕಿತ್ತು, ತಪ್ಪಾಯಿತು. ವಾರಕ್ಕೆ ಮೈ ತೂಕದ ಶೇಕಡಾ ಅರ್ಧದಿಂದ ಒಂದು ಇಳಿದರೆ ಸಾಕು. ಚಕ್ಕುಲಿಗೆ ಅಂದರೆ ವಾರಕ್ಕೆ 28ರಿಂದ 56 ಗ್ರಾಂ. ನಾಲ್ಕೂವರೆಗೆ ಬರಲು ಆರೇಳು ತಿಂಗಳು. ಅದಕ್ಕಿಂತ ಬೇಗ ಇಳಿದರೆ ಖುಷಿ ಪಡಬೇಡಿ.

ಹೊಸ_ಪನ್ವೇಲ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಮರಿಗೆ ಮೂರು ತಿಂಗಳು, 1.3 ಕೆಜಿ. ಇದಕ್ಕೂ ಹೀಗೇ ತೂಗಿ ಹಾಕಬೇಕಾ? ಎಷ್ಟು ಹಾಕಿದರೂ ಸಾಲದು.

ಕೋಥ್ರೂಡ್_ಮನೆ

ಬೇಡ, ಬೇಡ. ಮರಿಗೆ ಅದೇ ಸೂತ್ರವನ್ನು 2.5ರಿಂದ ಗುಣಿಸುತ್ತಾರೆ, ನಿಮ್ಮದಕ್ಕೆ ಸುಮಾರು 213 ಬರುತ್ತದೆ. ನೋಡಿ, 1.3 ಕೆಜಿ ಮರಿಗೂ 5.6 ಕೆಜಿ ಚಕ್ಕುಲಿಗೂ ಒಂದೇ ಊಟ! ಕಿಟನ್ ಫುಡ್ಡೇ ಹಾಕಿ, ದಿನಕ್ಕೆ ನಾಲ್ಕು ಸಲ, ಈಗ ಕೈ ಬಿಗಿ ಹಿಡಿಯಬೇಡಿ. ಹೊಟ್ಟೆ ಮಾತ್ರ ಡೋಲಿನ ಹಾಗೆ ಉಬ್ಬಿ ಬೆನ್ನು ಮೂಳೆ ಕಾಣುತ್ತಿದ್ದರೆ ಅದು ಜಂತುಹುಳ ಇರಬಹುದು, ಡಾಕ್ಟರಿಗೆ ತೋರಿಸಿ ಔಷಧ ಹಾಕಿಸಿ. ಆಪರೇಷನ್ ಆದ ತಿಂಗಳಿಂದ ತೂಗಲು ಶುರು ಮಾಡಿ.

ಬಂಗುಡೆ_ಪ್ರಿಯ

ನನ್ನದು ಉಲ್ಟಾ. ಅಮ್ಮನ ಬೆಕ್ಕಿಗೆ ಹನ್ನೆರಡು ವರ್ಷ, ರಾಕ್ಷಸನ ಹಾಗೆ ತಿನ್ನುತ್ತದೆ, ಮೈ ಮಾತ್ರ ದಿನೇ ದಿನೇ ಇಳಿಯುತ್ತಿದೆ. ನೀರೂ ತುಂಬಾ ಕುಡಿಯುತ್ತದೆ. ಊಟ ಎಷ್ಟು ಜಾಸ್ತಿ ಮಾಡಲಿ?

ವಾಸ್ಕೋ_ಹುಡುಗ

ಊಟ ಜಾಸ್ತಿ ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ ಅಣ್ಣ. ಆ ವಯಸ್ಸಿಗೆ ಥೈರಾಯ್ಡ್, ಸಕ್ಕರೆ ಕಾಯಿಲೆ, ಕಿಡ್ನಿ, ಯಾವುದಾದರೂ ಆಗಿರಬಹುದು. ಇದು ತಕ್ಕಡಿಯಲ್ಲಿ ಸರಿ ಹೋಗುವ ವಿಷಯ ಅಲ್ಲ. ಈ ವಾರವೇ ಹೋಗಿ.

ಡೊಂಬಿವಿಲಿ_ಸೊಸೆ

ಎರಡು ಪ್ರಶ್ನೆ ಉಳಿಯಿತು. ಮನೆಯಲ್ಲಿ ತೂಕ ನೋಡುವುದು ಹೇಗೆ? ನಾನು ಎತ್ತಿಕೊಂಡು ನಮ್ಮ ತೂಕದ ಮಷಿನ್ ಮೇಲೆ ನಿಂತರೆ ಒಂದು ಸಲ 5.4, ಇನ್ನೊಂದು ಸಲ 5.8. ಎರಡನೇ ಪ್ರಶ್ನೆ ಆ ನಾಲ್ಕು ಗಂಟೆಯ ಕೂಗು.

ಠಾಣೆ_ಅಣ್ಣ

ಊರಿಗೆ ಹೋಗುವಾಗ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇರುತ್ತಲ್ಲ, ಡಿಜಿಟಲ್, ಅದು 10 ಗ್ರಾಂವರೆಗೆ ತೋರಿಸುತ್ತದೆ. ಬಾಜಾರಿಗೆ ಒಯ್ಯುವ ದಪ್ಪ ಬಟ್ಟೆ ಚೀಲ ನೆಲದ ಮೇಲೆ ಬಿಡಿಸಿಡಿ. ಕರೆಯಬೇಡಿ, ತಾನೇ ಬಂದು ಒಳಗೆ ಕೂರುತ್ತದೆ, ಯಾವ ಚೀಲ ಇಟ್ಟರೂ ಕೂರುತ್ತದೆ. ಮೆಲ್ಲಗೆ ಎತ್ತಿ ಕೊಕ್ಕೆಗೆ ಹಾಕಿ, ನೆಲದಿಂದ ಎರಡು ಇಂಚು ಸಾಕು. ಆಮೇಲೆ ಖಾಲಿ ಚೀಲದ ತೂಕ ಕಳೆಯಿರಿ. ಎರಡು ವಾರಕ್ಕೊಮ್ಮೆ, ಬೆಳಿಗ್ಗೆ ಊಟಕ್ಕೆ ಮುಂಚೆ.

ಕೋಥ್ರೂಡ್_ಮನೆ

ಕೈಯಲ್ಲೂ ನೋಡುತ್ತಿರಿ. ನಿಮ್ಮ ಮುಷ್ಟಿ ಕಟ್ಟಿ ಗೆಣ್ಣು ಮುಟ್ಟಿ ನೋಡಿ, ಪಕ್ಕೆಲುಬು ಹಾಗೆ ಸಿಕ್ಕಿದರೆ ಬೆಕ್ಕು ತೀರಾ ಸಣಕಲು. ಕೈ ಬಿಡಿಸಿ ಅಂಗೈ ಹಿಂಭಾಗ ಮುಟ್ಟಿ, ಹಾಗೆ ಸಿಕ್ಕಿದರೆ ಸರಿ. ಅಂಗೈ ಉಬ್ಬಿನ ಹಾಗೆ, ಒತ್ತಿ ಹುಡುಕಬೇಕು ಅಂದರೆ ದಪ್ಪ. ಹಿಂಗಾಲ ಮುಂದೆ ಜೋತಾಡುವ ಚರ್ಮ ನೋಡಿ ಹೆದರಬೇಡಿ, ಅದು ತೆಳ್ಳಗಿನ ಬೆಕ್ಕಿಗೂ ಇರುತ್ತದೆ.

ನಾಲ್ಕು ಗಂಟೆಗೆ ಹಾಕುತ್ತಿರುವುದೇ ನಾಲ್ಕು ಗಂಟೆಗೆ ಎಬ್ಬಿಸಲು ಕಾರಣ. ನೀವೇ ಅಭ್ಯಾಸ ಮಾಡಿಸಿದ್ದು. ಪೌಚನ್ನು ರಾತ್ರಿ ಮಲಗುವ ಮುಂಚೆ ಕೊಡಿ, ಅದಕ್ಕೆ ಮೊದಲು ಹತ್ತು ನಿಮಿಷ ದಾರ ಎಳೆದು ಓಡಿಸಿ. ಬೇಟೆ, ಊಟ, ಮೈ ನೆಕ್ಕುವುದು, ನಿದ್ದೆ, ಅದರ ಕ್ರಮ ಅದೇ. ಬೆಳಗಿನ ಜಾವ ಕೂಗಿದರೆ ಕಣ್ಣೂ ಬಿಡಬೇಡಿ. ಮೊದಲ ವಾರ ಇನ್ನೂ ಜೋರಾಗಿ ಕೂಗುತ್ತದೆ. ಏಳನೇ ದಿನ ಸೋತು ಎದ್ದು ಹಾಕಿದಿರೋ, ಏಳು ದಿನ ಕೂಗಿದರೆ ಸಿಗುತ್ತದೆ ಅಂತ ಕಲಿಯುತ್ತದೆ.

ಡೊಂಬಿವಿಲಿ_ಸೊಸೆ

ಆರು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ.

ಕೊಕ್ಕೆ ತಕ್ಕಡಿಯಲ್ಲಿ ಮೊದಲ ದಿನ 5.62. ಇವತ್ತು 5.37. ಚೀಲಕ್ಕೆ ತಾನೇ ಬಂದು ಕೂರುತ್ತದೆ ಅಂದಿದ್ದು ನಿಜ, ಈಗ ಇಳಿಯಲು ಒಪ್ಪುವುದಿಲ್ಲ.

ಡಬ್ಬಿ ಅಂದರೆ ಉಪ್ಪಿನಕಾಯಿಯ ಹಳೇ ಸ್ಟೀಲ್ ಡಬ್ಬಿ, ಅದನ್ನು ತೊಳೆದು ಇಟ್ಟಿದ್ದೇವೆ. ತೂಗುವ ಕೆಲಸ ಅತ್ತೆಗೇ ಕೊಟ್ಟೆ. ಮೊದಲ ನಾಲ್ಕು ದಿನ ಮುಖ ಊದಿಸಿದ್ದರು, ಮೂಕ ಪ್ರಾಣಿಯ ಶಾಪ ತಟ್ಟುತ್ತದೆ ಅಂದರು. ಈಗ ಕನ್ನಡಕ ಹಾಕಿಕೊಂಡು ಕೂತು 42 ತೋರಿಸಿದರೆ ಎರಡು ಕಾಳು ವಾಪಸ್ ತೆಗೆಯುತ್ತಾರೆ. ಹಾಲಿನ ಚಟ ಅವರಿಗೆ ಬಿಡಲು ಆಗಲಿಲ್ಲ, ಈಗ ಹಾಲಿನ ಬದಲು ಬಟ್ಟಲಿಗೆ ಎರಡು ಚಮಚ ಬಿಸಿನೀರು ಹಾಕಿ ಪೌಚ್ ಕಲಸಿ ಕೊಡುತ್ತಾರೆ, ಹಾಕಿದ ತೃಪ್ತಿ ಅವರಿಗೆ, ನೀರು ಹೊಟ್ಟೆಗೆ ಹೋಯಿತು ಅಂತ ನನಗೆ.

ಕಾಕು ವಿಷಯ ಕಷ್ಟ ಇತ್ತು. ಅವರ ಪ್ರೀತಿಗೆ ಬೇಡ ಅನ್ನುವುದು ಹೇಗೆ? ಕೊನೆಗೆ ಡಬ್ಬಿಯಿಂದ ಐದು ಗ್ರಾಂ ತೆಗೆದು ಒಂದು ಪುಟ್ಟ ಡಬ್ಬಿಯಲ್ಲಿ ಅವರಿಗೇ ಕೊಟ್ಟುಬಿಟ್ಟೆ, ಚಕ್ಕುಲಿ ಬಂದಾಗ ಇದನ್ನು ಹಾಕಿ ಅಂತ. ಅದು ಅವರಿಗೆ ಹಿಡಿಸಿತು. ಮೀನು ಬುಧವಾರ ಮತ್ತು ಭಾನುವಾರ ಮಾತ್ರ. ಜೂನ್ 1ಕ್ಕೆ ಮೀನು ಹಿಡಿಯುವ ಬೋಟುಗಳು ನಿಂತ ಮೇಲೆ ಒಣ ಬೊಂಬಿಲ್ ಮೀನಿನ ಡಬ್ಬ ತೆಗೆದಿದ್ದಾರೆ, ಅದರ ವಾಸನೆಗೆ ಚಕ್ಕುಲಿ ಬಾಗಿಲು ಕೆರೆಯುತ್ತದೆ. ಅದನ್ನು ಕೊಡಬಹುದಾ?

ನಾಲ್ಕು ಗಂಟೆಯ ಕೂಗು ಒಂಬತ್ತು ದಿನ ನಡೆಯಿತು. ಐದನೇ ದಿನ ಗಂಡ ಎದ್ದು ಹೋಗಿ ಹಾಕಿ ಬಂದರು, ನಾನು ಮಲಗಿದ್ದೇನೆ ಅಂದುಕೊಂಡು. ಹಾಗಾಗಿ ಒಂಬತ್ತು. ಈಗ ಐದೂವರೆಗೆ ಬರುತ್ತದೆ, ಅದು ನನ್ನ ಅಲಾರಂ ಹೊತ್ತೇ.

ತೂಕ ಇಳಿಯುವುದು ನಿಧಾನ ಅನಿಸುತ್ತದೆ, 41ನ್ನು 35 ಮಾಡಲಾ?

ಕೋಥ್ರೂಡ್_ಮನೆ

ಮಾಡಬೇಡಿ. ಆರು ವಾರಕ್ಕೆ 250 ಗ್ರಾಂ ಅಂದರೆ ವಾರಕ್ಕೆ ಶೇಕಡಾ ಮುಕ್ಕಾಲು, ಇದಕ್ಕಿಂತ ಸರಿಯಾಗಿ ಇಳಿಸಲು ಆಗಲ್ಲ. ಸತತ ಒಂದು ತಿಂಗಳು ತೂಕ ಕದಲದೆ ನಿಂತರೆ ಆಗ ಡಾಕ್ಟರನ್ನು ಕೇಳಿ ಎರಡು ಮೂರು ಗ್ರಾಂ ಕಡಿಮೆ ಮಾಡಿ.

ಒಣ ಬೊಂಬಿಲ್ ಬೇಡ. ನೀರು ಹೋಗಿರುತ್ತದೆ, ಅಷ್ಟೇ ದೊಡ್ಡ ತುಂಡಿನಲ್ಲಿ ಹಲವು ಪಟ್ಟು ಕ್ಯಾಲೊರಿ, ಉಪ್ಪು ಹಾಕಿ ಒಣಗಿಸಿದ್ದಾದರೆ ಇನ್ನೂ ಕೆಟ್ಟದ್ದು. ಮಳೆಗಾಲ ಅಲ್ವಾ, ಡ್ರೈ ಫುಡ್ ಪ್ಯಾಕ್ ಬಾಯಿ ಗಟ್ಟಿ ಮುಚ್ಚಿಡಿ, ಮೆತ್ತಗಾದರೆ ಬೂಸ್ಟು ಬರುತ್ತದೆ. ಸಣ್ಣ ಪ್ಯಾಕ್ ತರುವುದೇ ಒಳ್ಳೆಯದು.

ಬಂಗುಡೆ_ಪ್ರಿಯ

ಅಮ್ಮನ ಬೆಕ್ಕಿಗೆ ಥೈರಾಯ್ಡ್. ದಿನಕ್ಕೆ ಎರಡು ಮಾತ್ರೆ ಶುರು ಆಗಿದೆ, ಪರೇಲ್‌ವರೆಗೆ ಟ್ಯಾಕ್ಸಿಯಲ್ಲಿ ಒಯ್ದು ತೋರಿಸಿದೆವು. ಮಾತ್ರೆ ನುಂಗಿಸುವುದು ಹೇಗೆ ಅಂತ ಬೇರೆ ಪ್ರಶ್ನೆ ಹಾಕುತ್ತೇನೆ, ಕೈಯೆಲ್ಲ ಗೀರು. ವಾಸ್ಕೋ ತಮ್ಮ, ಥ್ಯಾಂಕ್ಸ್.